ಎಸಿ ಕೋಣೆಯಲ್ಲಿದ್ದ ನಾಲ್ಕು ಟಯರು

ದಾರ್ಸೈಟಿನ ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಬಸಳೆ ದಂಟನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ನೋಡುತ್ತಿದ್ದೆ. ಉಗುರು ಸುಲಭವಾಗಿ ಇಳಿದರೆ ಎಳತು, ಪಾತ್ರೆಗೆ. ಇಳಿಯದಿದ್ದರೆ ನಾರು, ಆಚೆಗೆ. ಅಷ್ಟರಲ್ಲಿ ಮಗಳು ಫೋನೆತ್ತಿ, "ಅಮ್ಮಾ, ಫಾರ್ ಯೂ" ಎಂದು ಕೂಗಿದಳು. ಬರ್ಕಾದಿಂದ ಟಯರ್ ಕಾಕನ ಮಗಳು. "ಅಕ್ಕಾ, ನಮ್ಮ ತಂದೆ ಹೋದ್ರು. ಬೆಳಿಗ್ಗೆ ಅಂಗಡಿ ಎದುರು ಕುರ್ಚಿಯಲ್ಲೇ. ಸಂಜೆ ಅಸರ್ ನಮಾಜು ಕಳೆದ ಮೇಲೆ ಮಣ್ಣು ಮಾಡ್ತಾರೆ. ನಿಮ್ಮವರಿಗೆ ಹೇಳಿ" ಎಂದಳು.

ಇವರ ಆಫೀಸಿಗೆ ಫೋನು ಮಾಡಿ ತಿಳಿಸಿದೆ. ಆಮೇಲೆ ಮತ್ತೆ ಬಂದು ಕೂತೆ. ಕೈಯಲ್ಲಿದ್ದ ದಂಟಿನ ಮೇಲೆ ನನ್ನ ಉಗುರಿನ ಗುರುತು ಇತ್ತು. ಅದನ್ನು ನೋಡುತ್ತಿದ್ದಂತೆ ಕಾಕನ ಉಗುರು ಕಣ್ಣ ಮುಂದೆ ಬಂತು.

ಅವರ ಬಲಗೈ ಹೆಬ್ಬೆರಳಿನ ಉಗುರು ಮರುವಾಯಿ ಚಿಪ್ಪಿನಷ್ಟು ದಪ್ಪ. ನಡುವೆ ಕಪ್ಪು ಗೆರೆ, ತುದಿಯಲ್ಲಿ ಯಾವಾಗಲೂ ರಬ್ಬರಿನ ಮಸಿ. ಯಾವ ಟಯರು ಬಂದರೂ ಮೊದಲು ಆ ಉಗುರಿನಿಂದ ಒತ್ತಿ, "ಬಿಸ್ಮಿಲ್ಲಾ" ಎಂದು ಪೂರ್ತಿ ಹೇಳಿ ಮುಗಿಸುತ್ತಿದ್ದರು. ಅಷ್ಟರೊಳಗೆ ಗುರುತು ಮಾಸಿದರೆ ರಬ್ಬರಿಗೆ ಜೀವ ಇದೆ ಎಂದು ಲೆಕ್ಕ. ಗುರುತು ಬೀಳದೇ ಇದ್ದರೆ, "ಇದು ಒಣಗಿದ ರೊಟ್ಟಿ ಮಾರಾಯ್ರೆ, ವಾಪಸ್ ಕಳಿಸಿ" ಎನ್ನುತ್ತಿದ್ದರು.

ಆಗ ನಾವು ಈ ಕೊಲ್ಲಿ ದೇಶದ ಇನ್ನೊಂದು ಊರು ಬರ್ಕಾದಲ್ಲಿದ್ದೆವು. ಕಾಕನ ಅಂಗಡಿ ನಮ್ಮ ಓಣಿಯ ತುದಿಗೆ. ಊರು ಮಂಗಳೂರಿನ ಕಡೆಯದೇ, ಬ್ಯಾರಿ ಜನ. ಅಂಗಡಿಯಲ್ಲಿ ಇದ್ದದ್ದು ಒಂದೇ ಎಸಿ ಕೋಣೆ. ಅದರಲ್ಲಿ ಟಯರುಗಳು ತಣ್ಣಗೆ ಇರುತ್ತಿದ್ದವು. ಕಾಕ ಮಾತ್ರ ಹೊರಗೆ ತಗಡಿನ ಮಾಡಿನ ಕೆಳಗೆ, ಬೆವರು ಒರೆಸಿಕೊಳ್ಳುತ್ತ. "ನೀವಾದ್ರೂ ಒಳಗೆ ಕೂತುಕೊಳ್ಳಿ ಕಾಕಾ" ಎಂದರೆ, "ನಾನು ಒಣಗಿದ್ರೆ ಯಾರೂ ಪ್ರಪಾತಕ್ಕೆ ಬೀಳುದಿಲ್ಲ ತಂಗಿ. ಅವು ಒಣಗಬಾರದು" ಎಂದು ನಗುತ್ತಿದ್ದರು.

ನಮ್ಮವರು ಒಂದು ಕಂಪೆನಿಯಲ್ಲಿ ಸ್ಟೋರಿನ ಕೆಲಸದಲ್ಲಿದ್ದರು. ಜಬಲ್ ಅಖ್ದರ್ ಬೆಟ್ಟದ ಮೇಲೆ ಕಂಪೆನಿಯ ರಸ್ತೆ ಕೆಲಸದ ಕ್ಯಾಂಪು. ವಾರಕ್ಕೊಮ್ಮೆ ಫೋರ್‌ವೀಲ್ ಟ್ರಕ್ಕಿನಲ್ಲಿ ಅಲ್ಲಿಗೆ ತರಕಾರಿ, ಅಕ್ಕಿ, ಡೀಸೆಲ್ ಒಯ್ಯುವುದು ಇವರ ಪಾಲಿಗೆ. ಆಗ ಅಲ್ಲಿಗೆ ಡಾಮರು ರಸ್ತೆ ಇರಲಿಲ್ಲ. ಕೆಳಗೆ ಚೂಪು ಕಲ್ಲು, ನಡುವೆ ಜೇಡಿಮಣ್ಣಿನ ತಿರುವುಗಳು. ಚಳಿಗಾಲದಲ್ಲಿ ಮಳೆ ಬಂದರೆ ಆ ಜೇಡಿ ಬೆಣ್ಣೆ. ಮೇಲೆ ಆಲಿಕಲ್ಲು ಬಿದ್ದು ದಾರಿ ಬೆಳ್ಳಗಾಗುವುದೂ ಇತ್ತು. ಒಮ್ಮೆ ಹಿಮವೇ ಬಿತ್ತೆಂದು ಇವರು ಹೇಳಿದಾಗ ನಾನು ನಂಬಿರಲಿಲ್ಲ.

ಆ ವರ್ಷ ಟ್ರಕ್ಕಿನ ಟಯರು ಸವೆದಿದ್ದವು. ಕಂಪೆನಿಯ ಮ್ಯಾನೇಜರಿಗೆ ಗೊರಸಿನಂಥ ದೊಡ್ಡ ಹಲ್ಲಿನ ಕೆಸರು ಟಯರೇ ಬೇಕು, ನೋಡಲಿಕ್ಕೆ ಗಟ್ಟಿ ಎಂದು. ಕಾಕ ಒಪ್ಪಲಿಲ್ಲ. ನಾನು ಖುಬೂಸ್ ರೊಟ್ಟಿ ತರಲು ಹೋದಾಗ ಅವರಿಬ್ಬರ ಜಗಳ ನಡೆದಿತ್ತು.

"ಸಾರ್, ಹಲ್ಲು ದೊಡ್ಡದಾದ್ರೆ ಕೆಸರು ಕಚ್ಚುತ್ತದೆ, ಸರಿ. ಆದ್ರೆ ಕೆಸರು ಎರಡು ಮೈಲಿ, ಕಲ್ಲು ಇಪ್ಪತ್ತು ಮೈಲಿ. ಆ ಕಲ್ಲಿಗೆ ಹಲ್ಲು ಮುರಿದು ಹೋಗ್ತದೆ. ಮೇಲೆ ಆಲಿಕಲ್ಲಿನಲ್ಲಿ ದೊಡ್ಡ ಹಲ್ಲು ಜಾರ್ತದೆ. ಎಲ್ಲದಕ್ಕೂ ಆಗುವ ಟಯರು ಬೇರೆ ಉಂಟು, ದುಬೈಯಿಂದ ತರಿಸಿ ಕೊಡ್ತೇನೆ."

"ನಿಮಗೆ ದುಬೈ ಮಾಲು ಮಾರುವ ಆಸೆ."

"ಹೌದು ಸಾರ್, ಮಾರುವ ಆಸೆಯೇ. ಸತ್ತವ ಎರಡನೇ ಸಲ ಟಯರು ತಗೊಳ್ಳುದಿಲ್ಲ ಅಲ್ವಾ?"

ಮ್ಯಾನೇಜರು ನಕ್ಕು ಒಪ್ಪಿದರು. ಮಾಲು ಬಂದ ಕೂಡಲೇ ಹೇಳಿ ಕಳಿಸುತ್ತೇನೆ ಎಂದರು ಕಾಕ.

ಮಾಲು ಬಂದದ್ದು ಧನುರ್ಮಾಸದ ಮೊದಲ ವಾರದಲ್ಲಿ. ಇಳಿಸುವಾಗ ನೋಡಿದವಳು ನಾನೇ. ಕಾಕ ಒಂದರ ಮೈಮೇಲೆ ಕೈಯಾಡಿಸಿ ತೋರಿಸಿದರು. ಹಲ್ಲು ಮಧ್ಯಮ ಗಾತ್ರದ್ದು, ಒಂದೊಂದರ ಮೇಲೂ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳು. "ಈ ಸೀಳೇ ಹಿಮ ಹಿಡಿಯುದು. ಬದಿಯಲ್ಲಿ ಎಂ, ಎಸ್ ಅಂತ ಬರೆದದ್ದು ನೋಡಿ. ಕೆಸರಿಗೂ ಹಿಮಕ್ಕೂ ಆಗ್ತದೆ ಅಂತ ಅರ್ಥ. ಬದಿಯೂ ದಪ್ಪ ಉಂಟು, ಕಲ್ಲಿಗೆ ಹರಿಯುದಿಲ್ಲ."

ನಾನು ಮಾತ್ರ ಸಂಕ್ರಾಂತಿಗೆ ಎಷ್ಟು ದಿನ ಉಳಿದಿದೆ ಎಂದು ಎಣಿಸುತ್ತಿದ್ದೆ. ಹಿಂದಿನ ವರ್ಷ ಧನುರ್ಮಾಸದಲ್ಲೇ ನಾವು ಹೊಸ ಫ್ರಿಜ್ಜು ತಂದಿದ್ದೆವು. ಆ ತಿಂಗಳು ಮುಗಿಯುವುದರೊಳಗೆ ಹೊಟ್ಟೆಯಲ್ಲಿದ್ದ ಮಗು ಹೋಯಿತು. ಆ ತಿಂಗಳು ಹೊಸದು ಏನೂ ಮಾಡಬಾರದಿತ್ತು ಎಂದು ಅಮ್ಮ ಊರಿನಿಂದ ಬರೆದಿದ್ದಳು. ಈ ವರ್ಷ ನನಗೆ ಮತ್ತೆ ಐದು ತಿಂಗಳಾಗಿತ್ತು. ಇವರ ಗಾಡಿಗೆ, ಅದೂ ಬೆಟ್ಟ ಹತ್ತುವ ಗಾಡಿಗೆ, ಈ ತಿಂಗಳಲ್ಲಿ ಹೊಸ ಚಕ್ರ ಹಾಕಿಸುವುದೇ? ಇವರಿಗೆ ಹೇಳಿದರೆ ಬೈಯುತ್ತಾರೆ. ಅಲ್ಲೇ ನಿಂತು ಕಾಕನಿಗೆ ಹೇಳಿದೆ. "ಸಂಕ್ರಾಂತಿ ಕಳೆಯುವವರೆಗೆ ಮಾಲು ಬಂದಿಲ್ಲ ಅಂತ ಹೇಳಿ ಕಾಕಾ."

ಅವರು ಟಯರಿನ ಮೈಮೇಲಿಂದ ಕೈ ತೆಗೆದರು.

"ಹಳೆ ಟಯರಿನಲ್ಲಿ ಏನೂ ಉಳಿದಿಲ್ಲ ತಂಗಿ. ಮಳೆ ಬಂದ್ರೆ?"

"ದೇವರು ನೋಡಿಕೊಳ್ತಾನೆ."

"ದೇವರು ನೋಡಿಕೊಳ್ಳಲಿಕ್ಕೇ ಇದನ್ನು ದುಬೈಯಿಂದ ಕಳಿಸಿದ್ದಾನೆ."

ನನಗೆ ಅಳು ಬಂತು. ಹೋದ ಮಗುವಿನ ವಿಷಯ ಹೇಳಿಬಿಟ್ಟೆ. ಕಾಕ ತಲೆ ತಗ್ಗಿಸಿದರು. "ಸುಳ್ಳು ನಾನು ಹೇಳುದಿಲ್ಲ. ಬಂದಿದೆ ಅಂತ ನಾನಾಗಿ ಹೇಳಿ ಕಳಿಸುದಿಲ್ಲ, ಅಷ್ಟೇ. ಅವರೇ ಕೇಳಿದ್ರೆ ಹೇಳ್ತೇನೆ" ಎಂದು ನಾಲ್ಕೂ ಟಯರನ್ನು ಎಸಿ ಕೋಣೆಗೆ ಉರುಳಿಸಿ ಬಾಗಿಲು ಹಾಕಿದರು.

ಇವರು ಕೇಳಲಿಲ್ಲ. ಎರಡು ಸಲ ಹಳೆ ಟಯರಿನಲ್ಲೇ ಹೋಗಿ ಬಂದರು. ದೇವರ ದೀಪದ ಮುಂದೆ ನಿಂತು ನಾನು ಎರಡೂ ಸಲ ನನ್ನ ಬುದ್ಧಿವಂತಿಕೆಗೆ ಕೈಮುಗಿದೆ.

ಸಂಕ್ರಾಂತಿಗೆ ನಾಲ್ಕೇ ದಿನ ಉಳಿದಿತ್ತು. ಮಂಗಳವಾರ ಬೆಳಿಗ್ಗೆ ಇವರು ಹೊರಟ ಮೇಲೆ ಮೋಡ ಕಟ್ಟಿತು. ಮಧ್ಯಾಹ್ನ ಮಳೆ ಹಿಡಿಯಿತು. ಬುಧವಾರ ಕ್ಯಾಂಪಿನ ರೇಡಿಯೊದಿಂದ ಕಂಪೆನಿಗೆ ಸುದ್ದಿ ಬಂತು: ಮೇಲೆ ಆಲಿಕಲ್ಲು ಬೀಳುತ್ತಿದೆ, ಟ್ರಕ್ಕು ತಲುಪಿಲ್ಲ. ಗುರುವಾರ ಬೆಳಿಗ್ಗೆ ನಾನು ಕಂಪೆನಿಗೆ ನಡೆದು ಹೋದೆ. ದಾರಿಗೆ ಅಡ್ಡ ಬರುವ ಒಣಹೊಳೆ ವಾದಿಯಲ್ಲಿ ನೀರು ಹರಿಯುತ್ತಿದೆ, ಇಳಿಯುವ ತನಕ ಯಾರನ್ನೂ ಕಳಿಸಲಿಕ್ಕೆ ಆಗುವುದಿಲ್ಲ ಎಂದರು ಮ್ಯಾನೇಜರು. ಅಲ್ಲಿಂದ ನೇರ ಕಾಕನ ಅಂಗಡಿಗೆ ಬಂದೆ.

"ಕಾಕಾ, ನಾನು ಕೊಂದುಬಿಟ್ಟೆ" ಎಂದೆ.

ಅವರು ಕುರ್ಚಿಯಿಂದ ಎದ್ದರು. ಎಸಿ ಕೋಣೆಯ ಬಾಗಿಲು ತೆರೆದು ಆ ನಾಲ್ಕು ಟಯರುಗಳನ್ನು ಹೊರಗೆ ಉರುಳಿಸಿದರು. ತಮ್ಮ ಸ್ವಂತ ಫೋರ್‌ವೀಲ್ ಪಿಕಪ್ಪಿಗೆ ಜ್ಯಾಕ್ ಕೊಟ್ಟರು. ಅದರ ಚಕ್ರವೂ ಅದೇ ಅಳತೆಯದು. ಅವರಿಗೆ ಆಗ ಅರುವತ್ತರ ಹತ್ತಿರ. ಒಂದೊಂದು ನಟ್ಟು ಬಿಗಿಯುವಾಗಲೂ ಉಸಿರು ಬಿಡುತ್ತಿದ್ದರು. ನಾನು ಗೋಡೆ ಹಿಡಿದು ನಿಂತಿದ್ದೆ. ಕೊನೆಯದನ್ನು ಬಿಗಿದು ಎದ್ದು, "ಧನುರ್ಮಾಸ ನನ್ನ ಗಾಡಿಗೆ ಇಲ್ಲ ತಂಗಿ. ನೀವು ಮನೆಗೆ ಹೋಗಿ ಏನಾದ್ರೂ ತಿನ್ನಿ. ಹೊಟ್ಟೆಯಲ್ಲಿರುವುದಕ್ಕೆ ಎಂತ ಗೊತ್ತು?" ಎಂದರು. ಹಗ್ಗ, ಗುದ್ದಲಿ, ಎರಡು ಹಲಗೆ ಹಾಕಿಕೊಂಡು, ನೀರು ಇಳಿಯುವುದನ್ನು ವಾದಿಯ ದಡದಲ್ಲೇ ಕಾಯುತ್ತೇನೆ ಎಂದು ಒಬ್ಬರೇ ಹೊರಟರು.

ಗುರುವಾರದ ಉಳಿದ ಹಗಲು, ಶುಕ್ರವಾರದ ಹಗಲು ನಾನು ಹೇಗೆ ಕಳೆದೆ ಎಂದು ಬರೆಯಲಾರೆ. ದೇವರಲ್ಲಿ ಕೇಳಲಿಕ್ಕೂ ಬಾಯಿ ಇರಲಿಲ್ಲ. ಯಾರ ಹೆಸರಿನಲ್ಲಿ ಟಯರು ತಡೆದೆನೋ ಅವನನ್ನೇ ಏನೆಂದು ಕೇಳುವುದು? ಗಂಜಿ ಬೇಯಿಸಿದೆ, ಉಣ್ಣಲಾಗದೆ ಚೆಲ್ಲಿದೆ, ಮತ್ತೆ ಬೇಯಿಸಿದೆ. ಮಗು ಒದೆಯುತ್ತಿತ್ತು. ಎಣಿಸಲಿಕ್ಕೆ ಅಷ್ಟೇ ಇತ್ತು, ಅದನ್ನೇ ಎಣಿಸಿದೆ.

ಶುಕ್ರವಾರ ಸೂರ್ಯ ಇಳಿಯುವ ಹೊತ್ತಿಗೆ ಪಿಕಪ್ಪು ಓಣಿಗೆ ಬಂತು. ಗುರುತು ಹಿಡಿಯಲಾಗದಷ್ಟು ಕೆಸರು. ಇವರು ಒಳಗೆ ಕಂಬಳಿ ಸುತ್ತಿಕೊಂಡು ಕೂತಿದ್ದರು. ಜೇಡಿಯ ತಿರುವಿನಲ್ಲಿ ಟ್ರಕ್ಕು ಅಡ್ಡ ಜಾರಿ ಹಿಂದಿನ ಚಕ್ರವೊಂದು ಅಂಚಿನ ಆಚೆ ನಿಂತಿತ್ತಂತೆ. ಅದಕ್ಕೆ ಕಲ್ಲು ಕೊಡಲು ಹೋಗಿ ಎಡಪಾದ ಜಜ್ಜಿಹೋಗಿತ್ತು. ಮೂರು ದಿನ ಕ್ಯಾಬಿನ್ನಿನಲ್ಲಿ ಹಸಿ ಕೋಸು, ಕ್ಯಾರೆಟ್ ತಿಂದು ಬದುಕಿದ್ದರು. ಆಸ್ಪತ್ರೆಯವರು ಕಾಲು ಉಳಿಸಿದರು. ನಡಿಗೆ ಕುಂಟಾಯಿತು.

ಆಮೇಲೆ ಮ್ಯಾನೇಜರು ಅಂಗಡಿಗೆ ಬಂದು ಟಯರು ಯಾವಾಗ ಬಂದದ್ದು ಎಂದು ಕೇಳಿದರು. ಇವರೂ ಜೊತೆಗಿದ್ದರು. ಕಾಕ ಬಂದ ದಿನ ಹೇಳಿದರು. ಮತ್ತೇಕೆ ತಿಳಿಸಲಿಲ್ಲ ಎಂದದ್ದಕ್ಕೆ, "ತಪ್ಪು ನನ್ನದು. ಹೇಳಿ ಕಳಿಸಬೇಕಿತ್ತು, ಕಳಿಸಲಿಲ್ಲ" ಎಂದರಂತೆ. ಅಷ್ಟೇ. ಕಂಪೆನಿಯ ಗಾಡಿಗಳೆಲ್ಲ ಬೇರೆ ಅಂಗಡಿಗೆ ಹೋದವು. ನಾನು ಓಡಿಹೋಗಿ, "ನಾನೇ ಹೇಳಿಬಿಡ್ತೇನೆ ಕಾಕಾ" ಎಂದೆ.

"ಖಲಾಸ್" ಎಂದರು ಅವರು. "ನೀವು ಕೇಳಿದ್ದು, ನಾನು ಒಪ್ಪಿದ್ದು. ಉಗುರಿನಲ್ಲಿ ಒತ್ತಿ ನೋಡುವ ನನಗೆ ಗೊತ್ತಿರಬೇಕಿತ್ತು. ಮೊದಲು ಮಗು ಹುಟ್ಟಲಿ." ಮತ್ತೆ, ಟ್ರಕ್ಕನ್ನು ಬೆಟ್ಟದಿಂದ ಇಳಿಸಿದಾಗ ಬಿಚ್ಚಿಟ್ಟಿದ್ದ ಹಳೆ ಟಯರೊಂದನ್ನು ನನ್ನ ಕಡೆ ಉರುಳಿಸಿದರು. "ಇದರಲ್ಲಿ ಮಣ್ಣು ತುಂಬಿ ಬಸಳೆ ನೆಡಿ. ಇದು ಇನ್ನು ರಸ್ತೆಗೆ ಬೇಡ."

ಮಗು ಹುಟ್ಟಿತು. ಹನ್ನೊಂದು ವರ್ಷವೂ ಆಯಿತು. ಮಗಳ ಶಾಲೆಗೆಂದು ದಾರ್ಸೈಟಿಗೆ ಬರುವಾಗ ನಾನು ಆ ಟಯರನ್ನು ಬಿಟ್ಟು ಬರಲಿಲ್ಲ. ಹೇಳುತ್ತೇನೆ ಎಂದ ಮಾತನ್ನು ಮಾತ್ರ ಬರ್ಕಾದಲ್ಲೇ ಬಿಟ್ಟು ಬಂದೆ.

ಮೆಟ್ಟಿಲಲ್ಲಿ ಇವರ ಕಾಲಿನ ಸದ್ದು ಕೇಳಿತು. ಒಂದು ಹಗುರ, ಒಂದು ಭಾರ. ಒಳಗೆ ಬಂದು ಅಂಗಿ ಬದಲಿಸುತ್ತ ಹೇಳಿದರು: "ಹೋಗಿ ಒಂದು ಹಿಡಿ ಮಣ್ಣು ಹಾಕಿ ಬರ್ತೇನೆ. ಏನೇ ಆದ್ರೂ ಜೀವ ಉಳಿಸಿದ ಮನುಷ್ಯ. ಆದ್ರೆ ಆ ಟಯರನ್ನು ಮೂರು ವಾರ ಒಳಗೆ ಇಟ್ಟದ್ದು ಯಾಕೆ ಅಂತ ನನಗೆ ಇವತ್ತಿಗೂ ಅರ್ಥ ಆಗಿಲ್ಲ."

"ನಾನು ಇಡಿಸಿದ್ದು" ಎಂದೆ.

ಅವರು ಗುಂಡಿ ಹಾಕುವುದನ್ನು ನಿಲ್ಲಿಸಿದರು. ನಾನು ಎಲ್ಲ ಹೇಳಿದೆ. ಫ್ರಿಜ್ಜು, ಅಮ್ಮನ ಕಾಗದ, ಎಸಿ ಕೋಣೆ, ಕಾಕ ಒಪ್ಪದೆ ಒಪ್ಪಿದ್ದು, ಎಲ್ಲ. ಇವರು ಕುರ್ಚಿಯ ಮೇಲೆ ಕೂತರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಹನ್ನೊಂದು ವರ್ಷ" ಎಂದರು ಕೊನೆಗೆ. "ಆ ದಾರಿಯಲ್ಲಿ ಹೋದಾಗೆಲ್ಲ ಅವರು ಕುರ್ಚಿಯಿಂದ ಏಳ್ತಿದ್ರು, ಚಾ ಕುಡಿದು ಹೋಗಿ ಅಂತ. ನಾನು ಒಂದು ಸಲವೂ ಗಾಡಿ ನಿಲ್ಲಿಸಿಲ್ಲ."

ಊಟ ಬೇಡವೆಂದು ಎದ್ದರು. ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತ, ನನ್ನನ್ನು ನೋಡದೆ, "ನಾಳೆ ನಿನ್ನನ್ನೂ ಕರ್ಕೊಂಡು ಹೋಗ್ತೇನೆ. ಅವರ ಮನೆಯವರಿಗೆ ನೀನೇ ಹೇಳು" ಎಂದರು. ಸದ್ದು ಮೆಟ್ಟಿಲಿಳಿಯಿತು, ಒಂದು ಹಗುರ, ಒಂದು ಭಾರ. ಕಾರು ಹೊರಟದ್ದು ಕೇಳುವ ತನಕ ಅಲ್ಲೇ ನಿಂತಿದ್ದೆ.

ಒಲೆಯ ಮೇಲೆ ಅನ್ನ ಬೆಂದಿತ್ತು, ಗಂಜಿ ಬಸಿದೆ. ಬಾಲ್ಕನಿಗೆ ಹೋಗಿ ಟಯರಿನ ಪಕ್ಕ ಕೂತೆ. ಉಳಿದ ದಂಟುಗಳನ್ನು ಒಂದೊಂದಾಗಿ ಎತ್ತಿ, ಉಗುರಿನಿಂದ ಒತ್ತಿ ನೋಡಿ, ಪಾತ್ರೆಗೆ ಹಾಕತೊಡಗಿದೆ.