ನಾಗಭೂಷಣ ಮೇಷ್ಟ್ರು ಮತ್ತು ಓನರ್ ಸಾಹೇಬರ ನೈಋತ್ಯ ಮೂಲೆ

ಇಲ್ಲ... ನಂಬಲು ಆಗುತ್ತಿಲ್ಲ.
ಬೆಳಿಗ್ಗೆ ಆರೂವರೆಗೆ ಫೋನ್ ಬಂದಾಗ "ಯಾವ ನಾಗಭೂಷಣ?" ಎಂದು ಕೇಳಿದೆ.
ಬೇರೆ ಯಾರೋ ಆಗಿರಲಿ ಎಂಬ ಆಸೆಗೆ...
ನಮ್ಮ ಮೇಷ್ಟ್ರೇ.
ಚಾಮರಾಜಪೇಟೆಯ ನಾಗಭೂಷಣ ಮೇಷ್ಟ್ರು. ನಿದ್ದೆಯಲ್ಲೇ ಹೋದರಂತೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ಊರೆಲ್ಲ ಕ್ರಿಕೆಟ್ ಕ್ರಿಕೆಟ್ ಎಂದು ಕುಣಿಯುವಾಗ ನಮ್ಮಂಥ ಹದಿನೈದು ತರಲೆಗಳನ್ನು ಹಿಡಿದು ಬೇಸ್‌ಬಾಲ್ ಕಲಿಸಿದವರು.
ಬಳೇಪೇಟೆಯಿಂದ ತಂದ ಹಗ್ಗಕ್ಕೆ ತೊಂಬತ್ತು ಅಡಿಗೆ ಗಂಟು ಹಾಕಿಕೊಂಡು, ಪ್ರತಿ ಮ್ಯಾಚಿಗೂ ಮೊದಲು ರನ್ನಿಗೆ ಓಡುವ ಬೇಸ್‌ಗಳ ನಡುವಿನ ದೂರವನ್ನು ತಾವೇ ಅಳೆಯುತ್ತಿದ್ದರು.
ಅದೇ ಟೀಮ್ ಆಮೇಲೆ ಪ್ರೊಫೆಷನಲ್ ಲೀಗಿಗೆ ಹೋಯಿತು. ನಾನು ಕೋಚ್ ಆದೆ. ಮೇಷ್ಟ್ರು ಗ್ರೌಂಡ್ ಇನ್‌ಚಾರ್ಜ್.

ಆಮೇಲೆ ಬಂದರು ನೋಡಿ... ಓನರ್ ಸಾಹೇಬರು!
ಟೈಲ್ಸ್ ವ್ಯಾಪಾರದವರು. ಟೀಮ್ ಕೊಂಡ ದಿನ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಇದ್ರಲ್ಲಿ ವಿಕೆಟ್ ಎಲ್ಲಿರುತ್ತೆ?"
ಅವರ ಹಿಂದೆಯೇ ಒಬ್ಬ ಸಿಇಒ. ಮೊದಲು ಹಾಸಿಗೆ ಕಂಪನಿಯಲ್ಲಿದ್ದನಂತೆ. ಇಲ್ಲಿಗೆ ಬಂದ ಮೇಲೂ ಮಲಗುವುದು ಬಿಡಲಿಲ್ಲ.

ಯಜಮಾನರು ನೈಋತ್ಯ ಮೂಲೆಯಲ್ಲಿ ಕೂತು ಪೂರ್ವಕ್ಕೆ ನೋಡಬೇಕು ಎಂದು ಅವರ ವಾಸ್ತು ಪಂಡಿತ ಹೇಳಿದ.
ಸರಿ... ಓನರ್ ಶಾಮಿಯಾನ ಆ ಮೂಲೆಗೆ ಹೋಯಿತು.
ಕುರ್ಚಿ ಹೋದ ಮೇಲೆ ಆಟವೂ ಕುರ್ಚಿಯ ಮುಂದೆಯೇ ಆಗಬೇಕಲ್ಲ?
ಬ್ಯಾಟರ್ ನಿಲ್ಲುವ ಜಾಗದ ಹೋಂ ಪ್ಲೇಟನ್ನೂ ಕಿತ್ತು ಅಲ್ಲಿಗೇ ತಂದು ನೆಟ್ಟರು!
ನಮ್ಮ ಮ್ಯಾಚ್ ಶುರುವಾಗುವುದು ಬೆಳಿಗ್ಗೆ ಏಳೂವರೆಗೆ. ಮೊದಲು ಬಿಸಿಲು ಬ್ಯಾಟರ್ ಬೆನ್ನಿಗೆ ಬೀಳುತ್ತಿತ್ತು. ಈಗ ಪೂರ್ವಕ್ಕೆ ಮುಖ, ಬಿಸಿಲು ನೇರ ಕಣ್ಣಿಗೆ...

ಮೇಷ್ಟ್ರು ಸುಮ್ಮನಿರುವ ಆಸಾಮಿಯಲ್ಲ.
ಎಂಟು ಗಂಟೆ ಬಿಸಿಲಿಗೆ ಓನರನ್ನೇ ಕರೆದುಕೊಂಡು ಹೋಗಿ ಪ್ಲೇಟಿನ ಪಕ್ಕ ನಿಲ್ಲಿಸಿದರು.
"ಬಾಲ್ ಕಾಣುತ್ತಾ, ನೀವೇ ಹೇಳಿ ಸಾರ್."
ಮಹಾನುಭಾವರು ಕೂಲಿಂಗ್ ಗ್ಲಾಸ್ ತೆಗೆಯಲೇ ಇಲ್ಲ!
"ನಂಗೇನೂ ತೊಂದ್ರೆ ಇಲ್ವಲ್ಲ ಮೇಷ್ಟ್ರೇ..."
ಹಿಂದಿನಿಂದ ಸಿಇಒ, "ಗ್ಲಾಸ್‌ಗೆ ಒಬ್ರು ಸ್ಪಾನ್ಸರ್ ಹುಡುಕೋಣ ಸಾರ್!"
ಥೂ...

ಮರುದಿನ ನನ್ನ ಮುಂದೆ ಒಂದು ಕಾಗದ ಬಂತು. ಮೈದಾನ ಸುರಕ್ಷಿತವಾಗಿದೆ ಎಂದು ಕೋಚ್ ಸಹಿ ಹಾಕಬೇಕಂತೆ.
"ಹಾಕ್ಬೇಡ ಕಣೋ ಸುರೇಶ," ಎಂದರು ಮೇಷ್ಟ್ರು.
ಹಾಕಿದೆ.
ಕೆಲಸ ಹೋದೀತು ಎಂಬ ಹೆದರಿಕೆ... ಬೇರೆ ಯಾವ ಕಾರಣವೂ ಇಲ್ಲ. ಓನರ್‌ಗೆ ಬೈದಷ್ಟೇ ನನಗೂ ಬೈಯಿರಿ, ತಪ್ಪಿಲ್ಲ.
ಅದೇ ಸಂಜೆ ಮೇಷ್ಟ್ರನ್ನು ಟೀಮಿನ ವಾಟ್ಸಾಪ್ ಗ್ರೂಪಿನಿಂದ ತೆಗೆದರು. ಕೆಲಸದಿಂದ ತೆಗೆದಿದ್ದೂ ಹಾಗೆಯೇ. ಒಂದು ಮಾತಿಲ್ಲ, ಒಂದು ಹಾರವಿಲ್ಲ.

ಮೂರನೇ ಮ್ಯಾಚಿನಲ್ಲಿ ನಮ್ಮ ಹರೀಶನ ಎಡಗಣ್ಣಿಗೆ ಬಾಲ್ ಬಡಿಯಿತು. ಬಿಸಿಲಿನಲ್ಲಿ ಅವನಿಗೆ ಅದು ಕಂಡೇ ಇರಲಿಲ್ಲ.
"ಹುಡುಗಂಗೆ ಕಾನ್ಸಂಟ್ರೇಶನ್ ಇಲ್ಲ," ಎಂದು ಸಿಇಒ ಅವನನ್ನು ಟೀಮಿನಿಂದಲೇ ಕೈಬಿಟ್ಟ.
ಆ ಕಣ್ಣು ಇವತ್ತಿಗೂ ಸರಿಹೋಗಿಲ್ಲ.

ಮೇಷ್ಟ್ರೇ...
ನೀವು ಮಾತ್ರ ಪ್ರತಿ ವಾರ ಅಕ್ಕಿಪೇಟೆಗೆ ಹೋಗಿ ಹರೀಶನನ್ನು ನೋಡಿಕೊಂಡು ಬರುತ್ತಿದ್ದಿರಿ.
ಮ್ಯಾಚ್ ಇದ್ದ ದಿನ ವೈಯಾಲಿಕಾವಲ್‌ಗೆ ಬಸ್ಸು ಹತ್ತಿ ಬಂದು, ಗ್ರೌಂಡಿನ ಗೇಟಿನ ಹೊರಗೆ ನಿಲ್ಲುತ್ತಿದ್ದಿರಿ.
ಒಳಗೆ ಬಿಡಲು ಪಾಸ್ ಬೇಕಂತೆ... ನಿಮಗೆ!
ನನಗೆ ಒಂದು ದಿನವೂ ಬೈಯಲಿಲ್ಲ. ಕೇಳುತ್ತಿದ್ದದ್ದು ಒಂದೇ ಮಾತು.
"ಪ್ಲೇಟ್ ತಿರುಗಿಸಿದ್ರೇನೋ?"
"ಮಾತಾಡ್ತಿದೀನಿ ಸಾರ್," ಎನ್ನುತ್ತಿದ್ದೆ.
ಸುಳ್ಳು ಸಾರ್. ಓನರ್ ಮುಂದೆ ನಾನು ಬಾಯಿ ಬಿಟ್ಟೇ ಇರಲಿಲ್ಲ.
ಕಳೆದ ಭಾನುವಾರವೂ ಕೇಳಿದಿರಿ... ಅದೇ ಸುಳ್ಳು ಹೇಳಿ ಕಳಿಸಿದೆ.

ಇವತ್ತು ನಿಮ್ಮ ಮನೆಗೆ ಹೋದಾಗ ನಿಮ್ಮ ಶ್ರೀಮತಿ ಸರೋಜಮ್ಮ ಆ ಹಗ್ಗ ತಂದು ನನ್ನ ಕೈಗಿಟ್ಟರು.
"ಸುರೇಶಂಗೆ ಇದು ಬೇಕಾಗುತ್ತೆ ಅಂತಿದ್ರಪ್ಪಾ. ತಗೊಂಡ್ಹೋಗು."
ಅಲ್ಲೇ ಕೂತು ಅತ್ತೆ.

ಹೊರಗೆ ಬಂದು ಫೋನ್ ನೋಡಿದರೆ ಟೀಮಿನ ಪೇಜಿನಲ್ಲಿ ಪೋಸ್ಟ್! 'ನಮ್ಮ ಕುಟುಂಬದ ಹಿರಿಯ ಸದಸ್ಯ' ಅಂತೆ.
ಕೆಳಗೆ ಟೈಲ್ಸ್ ಕಂಪನಿಯ ಲೋಗೋ, ನಿಮ್ಮ ಮುಖಕ್ಕಿಂತ ದೊಡ್ಡದು.
ಈ ಭಾನುವಾರ ಮ್ಯಾಚಿಗೆ ಮೊದಲು ಒಂದು ನಿಮಿಷ ಮೌನವಂತೆ.
ಓನರ್ ಸಾಹೇಬರೇ, ಎದ್ದು ನಿಲ್ತೀರೋ... ಅದನ್ನೂ ಪಂಡಿತರನ್ನ ಕೇಳ್ಬೇಕೋ?
ಮಾನ ಮರ್ಯಾದೆ ಇದ್ದವರಿಗಾದರೆ ಹೇಳಬಹುದಿತ್ತು, ಬಿಡಿ.

ಹರೀಶನಿಗೆ ಫೋನ್ ಮಾಡಿದೆ. ಟೀಮಿನ ಹುಡುಗರಿಗೂ ಮಾಡಿದೆ. ಹತ್ತು ಗಂಟೆಗೆ ಎಲ್ಲರೂ ಗ್ರೌಂಡಿನಲ್ಲಿದ್ದರು.
"ಯಾರ ಪರ್ಮಿಷನ್ ಸಾರ್?" ಎಂದು ಗೇಟಿನವನು ಕೇಳಿದ.
"ಮೇಷ್ಟ್ರದು," ಎಂದೆ.
ಪಾಪ, ಗೇಟ್ ತೆಗೆದ.
ಹಾರೆ ಹಾಕಿ ಪ್ಲೇಟ್ ಕಿತ್ತು ಹಳೆಯ ಜಾಗದಲ್ಲಿ ನೆಟ್ಟೆವು. ಹಗ್ಗದ ಒಂದು ತುದಿ ಹರೀಶನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ, ಬೇಸ್‌ಗಳನ್ನೂ ಅಳೆದು ಹಾಕಿದೆವು. ಬಾಲ್ ಎಸೆಯುವವನು ನಿಲ್ಲುವ ಮಣ್ಣಿನ ದಿಣ್ಣೆ ಇನ್ನೂ ಬಾಕಿ ಇದೆ, ನಾಳೆ ಮುಗಿಸುತ್ತೇವೆ.
ಮತ್ತೆ ಯಾರಾದರೂ ಅದನ್ನು ಓನರ್ ಮೂಲೆಗೆ ಒಯ್ದರೆ ಭಾನುವಾರ ಬ್ಯಾಟ್ ಮುಟ್ಟುವುದಿಲ್ಲ ಎಂದು ಹುಡುಗರೆಲ್ಲ ಒಟ್ಟಿಗೆ ಹೇಳಿದ್ದಾರೆ.
ನಾನು ಸಹಿ ಹಾಕಿದ್ದು ಸುಳ್ಳು ಕಾಗದಕ್ಕೆ ಎಂದು ಗ್ರೂಪಿನಲ್ಲಿ ಬರೆದೆ.
ಎರಡೇ ನಿಮಿಷ... ನನ್ನನ್ನೂ ತೆಗೆದರು.

ಮಧ್ಯಾಹ್ನ ಮೂರಕ್ಕೆ ಅಂತ್ಯಕ್ರಿಯೆಗೆ ಹೊರಡುತ್ತಾರೆ. ಮೇಷ್ಟ್ರ ಮನೆ ಹತ್ತಿರ ಬನ್ನಿ.
ಪಾಸ್ ಬೇಕಾಗಿಲ್ಲ.

ತಿರುಗಿಸಿದ್ವಿ ಸಾರ್...
ಇನ್ನು ಗೇಟಿನ ಹೊರಗೆ ನಿಲ್ಲಬೇಡಿ.
ಕಣ್ಣಿಗೆ ಬಿಸಿಲು ಬೀಳದ ಕಡೆ, ನಿಮ್ಮ ಜೀವ ನೆಮ್ಮದಿಯಾಗಿ ಕೂರಲಿ. 🙏