ಹಿಂದಕ್ಕೆ ಹರಿದ ಹೊಳೆ ಮತ್ತು ಒಡೀಲ್ ಅತ್ತಿಗೆ

ಬೂದಿಹೊಳೆಯನ್ನು ಒಡೀಲ್ ಅತ್ತಿಗೆಗೆ ಕಲಿಸಿದವನು ನಾನೇ. ಮೂವತ್ತು ವರ್ಷದಿಂದ ಈ ಮಾತು ಹೇಳುತ್ತಿದ್ದೇನೆ. ಅವಳು ಎದುರಿಗಿದ್ದರೆ ಮಾತ್ರ ಸ್ವಲ್ಪ ಮೆಲ್ಲಗೆ. ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಚೀಲದಲ್ಲಿ ತುಂಬಿ, ಚೀಲದ ಬಾಯಿ ಹೊಲಿದು ಹೊಳೆಗೆಸೆದರೂ ಚಹಾದ ಹೊತ್ತಿಗೆ ಮನೆ ಮುಟ್ಟುವವನು ನಾನು.

ಅತ್ತಿಗೆಗೆ ಅರವತ್ತೆಂಟು ವರ್ಷ, ಎತ್ತರ ನನ್ನ ಭುಜಕ್ಕೂ ಬಾರದಷ್ಟು. ಅಣ್ಣ ತೀರಿಕೊಂಡ ಮೇಲೆ ಅವನ ಹುಟ್ಟನ್ನೇ ಕೈಗೆತ್ತಿಕೊಂಡು, ದಕ್ಷಿಣದಿಂದ ಬರುವ ಪ್ರವಾಸಿಗರನ್ನು ದೋಣಿಯಲ್ಲಿ ಕರೆದೊಯ್ಯುವ ಕೆಲಸಕ್ಕೆ ಇಳಿದಳು. ದೋಣಿ ನೀರಿಗಿಳಿಸುವ ಮೊದಲು ಹೊಳೆಗೆ ಒಂದು ಚಿಟಿಕೆ ತಂಬಾಕು ಹಾಕುತ್ತಾಳೆ. ಆಮೇಲೆ ಅವಳು ಬೈದರೆ ಬಂಡೆಗಳೂ ಪಕ್ಕಕ್ಕೆ ಸರಿಯುತ್ತವೆ. ಎರಡು ಬಂಡೆ ಸರಿದದ್ದನ್ನು ನಾನೇ ನೋಡಿದ್ದೇನೆ. ಮೂರನೆಯದಕ್ಕೆ ಕಿವಿ ಮಂದ.

ಉತ್ತರದ ಹಿಮನಾಡಿನ ನಮ್ಮ ದೆನೆ ಬುಡಕಟ್ಟಿನ ಮಂದಿಗೆ ಎಡ ಬಲ ಅಷ್ಟಾಗಿ ಬೇಕಾಗುವುದಿಲ್ಲ. ಎಲ್ಲಕ್ಕೂ ಹೊಳೆಯೇ ಗುರುತು: ನೀರು ಬರುವ ಕಡೆ ಮೇಲ್ಹೊಳೆ, ಹೋಗುವ ಕಡೆ ಕೆಳಹೊಳೆ. ಮನೆಯೊಳಗೂ ಉಪ್ಪಿನ ಡಬ್ಬಿ ಮೇಲ್ಹೊಳೆ ಕಡೆ, ಬೂಟು ಕೆಳಹೊಳೆ ಕಡೆ. ಒಮ್ಮೆ ಪಟ್ಟಣದಲ್ಲಿ ಹಲ್ಲು ಕೀಳಿಸಲು ಹೋಗಿ, 'ಕೆಳಹೊಳೆ ಕಡೆಯದು' ಎಂದೆ. ವೈದ್ಯ ಕುರ್ಚಿ ತಿರುಗಿಸಿದ. ಒಳ್ಳೆಯ ಹಲ್ಲು ಹೋಯಿತು.

ಆ ಬೇಸಿಗೆಯಲ್ಲಿ ನಮ್ಮ ಜೊತೆ ಬಂದವರು ಇಬ್ಬರು: ಪ್ರೆಂಟಿಸ್ ಎಂಬ ನಿವೃತ್ತ ಜಡ್ಜು, ಅವರ ಹೆಂಡತಿ ಕೋರಾ. ಅತ್ತಿಗೆ ಮಾರ್ಗದರ್ಶಿ, ನಾನು ಅಡುಗೆಯವನು, ದೋಣಿ ಎರಡು. ಹೊರಡುವಾಗ ಪ್ರವಾಸದ ಕಂಪನಿಯ ಯಜಮಾನ ಕೋಲ್ಟನ್ ದಡದಲ್ಲಿ ನಿಂತು ಹೇಳಿದ: "ಹೋದ ವರ್ಷ ಎರಡು ಸರ್ತಿ ವಿಮಾನ ಕಾಯಿಸಿದ್ದೀರಿ ಅಜ್ಜಿ. ಈ ಸಲ ಎಂಟನೇ ದಿನ ಮಧ್ಯಾಹ್ನ ಹನ್ನೆರಡಕ್ಕೆ ನಾಲ್ಕೂ ಜನ ದೊಡ್ಡ ಹೊಳೆಯ ಸಂಗಮದಲ್ಲಿರಬೇಕು. ಇಲ್ಲಾಂದ್ರೆ ಮುಂದಿನ ವರ್ಷ ನಿಮಗೆ ದೋಣಿ ಇಲ್ಲ. ಅಡುಗೆಮನೇಲಿ ಪಾತ್ರೆ ತೊಳೀರಿ."

ಅತ್ತಿಗೆ ಹೊಳೆಗೆ ಚಿಟಿಕೆಯ ಬದಲು ಒಂದು ಹಿಡಿ ತಂಬಾಕು ಹಾಕಿದಳು. ಅಷ್ಟು ಹಾಕಿದ್ದನ್ನು ಅಣ್ಣನನ್ನು ಮಣ್ಣು ಮಾಡಿದ ದಿನ ಬಿಟ್ಟರೆ ಅವತ್ತೇ ನಾನು ನೋಡಿದ್ದು.

ಏಳು ದಿನ ಸುಖವಾಗಿ ಕಳೆಯಿತು. ಸೊಳ್ಳೆಗಳು ಕಚ್ಚುವ ಮುಂಚೆ ಕೂರಲು ಕುರ್ಚಿ ಕೇಳುವಷ್ಟು ದೊಡ್ಡವಿದ್ದವು, ಅಷ್ಟೆ. ಕೊನೆಯ ಬಿಡಾರ ಹಾಕಿದ್ದು ನಡುಹೊಳೆಯ ಒಂದು ದುಂಡನೆಯ ದ್ವೀಪದಲ್ಲಿ. ಅಲ್ಲಿಂದ ಸಂಗಮಕ್ಕೆ ಎರಡು ಗಂಟೆಯ ದಾರಿ.

ಬೆಳಿಗ್ಗೆ ಎದ್ದರೆ ಮಂಜು. ಎಂಥ ಮಂಜು ಅಂದರೆ, ನನ್ನ ಮೂಗಿನ ತುದಿಯನ್ನು ಕೈಯಿಂದ ತಡವಿ ಹುಡುಕಿಕೊಳ್ಳಬೇಕಾಯಿತು. ಚಹಾದ ಕೆಟಲ್ ಹುಡುಕಿದೆ. ರಾತ್ರಿ ಅದನ್ನು ಗುಡಾರದ ಮೇಲ್ಹೊಳೆ ಕಡೆ ಇಟ್ಟಿದ್ದೆ. ಈಗ ಕೆಳಹೊಳೆ ಕಡೆ ಇತ್ತು. ಕರಡಿಯೇನಾದರೂ ಎತ್ತಿಟ್ಟಿತೇ? ಕರಡಿ ಚಹಾ ಕುಡಿದು ಮುಚ್ಚಳ ಹಾಕಿ ಹೋಗುತ್ತದೆಯೇ? ತಲೆ ಕೆರೆದುಕೊಂಡು ಕೆಟಲನ್ನು ಮತ್ತೆ ಮೇಲ್ಹೊಳೆ ಕಡೆಗೆ ಇಟ್ಟೆ. ಸೌದೆಯೂ ಆಚೆ ಬದಿಗೆ ಹೋಗಿತ್ತು. ಅದನ್ನೂ ಹೊತ್ತು ತಂದೆ. ಗುಡಾರವೂ ತಿರುಗಿ ನಿಂತ ಹಾಗೆ ಕಂಡಿತು. ಅದರೊಳಗೆ ಜಡ್ಜು ಮಲಗಿದ್ದರಿಂದ ಬಿಟ್ಟೆ.

ಅತ್ತಿಗೆ ನೀರಿನಲ್ಲಿ ಕೈಯದ್ದಿ ತುಂಬ ಹೊತ್ತು ಕೂತಿದ್ದಳು. ಎದ್ದು ಹೇಳಿದಳು: "ಅಂಬ್ರೋಸ್, ಈ ಮಂಜಲ್ಲಿ ವಿಮಾನದವನಿಗೆ ಏನೂ ಕಾಣ್ಸಲ್ಲ. ನಾನು ಕೋರಮ್ಮನ್ನ ಕರ್ಕೊಂಡು ಮುಂಚೆ ಹೋಗಿ, ಮಂಜು ಸರಿದ ತಕ್ಷಣ ಕಾಣೋ ಹಾಗೆ ಹೊಗೆ ಹಾಕ್ತೀನಿ. ನೀನು ಜಡ್ಜ್ ಸಾಹೇಬ್ರನ್ನ ಕೂರಿಸ್ಕೊಂಡು ಕೆಳಹೊಳೆ ಕಡೆ ಬಾ."

"ನನಗೆ ದಾರಿ ಹೇಳ್ತೀಯಾ ಅತ್ತಿಗೆ? ಹೊಳೆ ಕಲಿಸಿದ್ದು ಯಾರು?"

"ಪಾತ್ರೆ ಮರೀಬೇಡ," ಎಂದವಳು ಮಂಜಿನಲ್ಲಿ ಕರಗಿಹೋದಳು.

ಪಾತ್ರೆ ತೊಳೆದು, ಜಡ್ಜರನ್ನು ಕೂರಿಸಿ ದೋಣಿ ತಳ್ಳಿದೆ. ಸೆಳವು ತಾನೇ ಹಿಡಿದುಕೊಂಡಿತು. ಹುಟ್ಟು ಹಾಕುವುದೇ ಬೇಡ, ಮೀನುಗಳನ್ನೆಲ್ಲ ಹಿಂದೆ ಹಾಕಿ ಹೋದೆ. ಜಡ್ಜು ಜೇಬಿನಿಂದ ದಿಕ್ಸೂಚಿ ತೆಗೆದರು.

"ಅಂಬ್ರೋಸ್, ಈ ಹೊಳೆ ಉತ್ತರಕ್ಕೆ ಹರಿಯೋದಲ್ವಾ? ನಾವು ದಕ್ಷಿಣಕ್ಕೆ ಹೋಗ್ತಿದೀವಲ್ಲ?"

"ಆ ಡಬ್ಬಿಗೆ ಮಂಜು ಹತ್ತಿದೆ ಸಾಹೇಬ್ರೇ. ಒಳಗಿಟ್ಕೊಂಡು ಬೆಚ್ಚಗೆ ಮಾಡಿ."

ಪಾಪ, ಅಂಗಿಯೊಳಗೆ ಇಟ್ಟುಕೊಂಡರು. ಅರ್ಧ ಗಂಟೆ ಬಿಟ್ಟು ತೆಗೆದು ನೋಡಿ, "ಬೆಚ್ಚಗಾದ್ರೂ ದಕ್ಷಿಣಕ್ಕೇ ಹೋಗ್ತಿದೀವಿ ಅಂತಿದೆ," ಎಂದರು.

ಮಂಜು ಸರಿದಾಗ ಎದುರಿಗೊಂದು ಮರಳದಂಡೆ. ಅದರ ಮೇಲೆ ಬೂದಿ, ಮೀನಿನ ಮುಳ್ಳು. ಜಡ್ಜು ಒಂದು ಕಲ್ಲನ್ನು ದಿಟ್ಟಿಸಿದರು. "ನಿನ್ನೆ ಮಧ್ಯಾಹ್ನ ಈ ಕಲ್ಲಿನ ಮೇಲೆ ಕೂತೇ ನಾನು ಊಟ ಮಾಡಿದ್ದು."

ನಾನು ದೋಣಿಯನ್ನು ದಂಡೆಗೆ ಹಚ್ಚಿದೆ. ನಿನ್ನೆಯ ಕಲ್ಲು ಇವತ್ತು ಮುಂದೆ ಬಂದದ್ದು ಹೇಗೆ? ನಾವು ನಿನ್ನೆಗೇ ಬಂದುಬಿಟ್ಟೆವೇ? ಒಂದು ಕಡ್ಡಿ ಮುರಿದು ನೀರಿಗೆ ಹಾಕಿದೆ. ಕಡ್ಡಿ ಮೇಲ್ಹೊಳೆಗೆ ಹೋಯಿತು. ಇನ್ನೊಂದು ಹಾಕಿದೆ. ಅದೂ ಮೊದಲನೆಯದರ ಹಿಂದೆ ಹೊರಟಿತು. ಆಗ ಅಜ್ಜ ಹೇಳುತ್ತಿದ್ದದ್ದು ನೆನಪಾಯಿತು: ಬೆಟ್ಟದಲ್ಲಿ ಮಳೆ ಸುರಿದು ದೊಡ್ಡ ಹೊಳೆ ಉಕ್ಕಿದರೆ ಅದರ ನೀರು ನಮ್ಮ ಹೊಳೆಯೊಳಗೆ ನುಗ್ಗಿ, ನಮ್ಮದು ಎರಡು ದಿನ ಹಿಂದಕ್ಕೆ ಹರಿಯುತ್ತದೆ. ಅಜ್ಜನ ಮಾತಿನಲ್ಲಿ ಮುಕ್ಕಾಲು ಪಾಲು ಸುಳ್ಳೆಂದು ನಾನು ಅದನ್ನೂ ಆ ಮುಕ್ಕಾಲಿಗೇ ಸೇರಿಸಿದ್ದೆ.

ಗಂಟೆ ಹತ್ತೂವರೆ. ಪಾತ್ರೆ ತೊಳೆಯುವ ಅತ್ತಿಗೆ ಕಣ್ಣ ಮುಂದೆ ಬಂದಳು. ದೋಣಿ ತಿರುಗಿಸಿ, ನೀರಿಗೆದುರಾಗಿ ಇಬ್ಬರೂ ಹುಟ್ಟು ಹಾಕಿದೆವು. ಜಡ್ಜರ ಬಾಯಿಂದ ಅವತ್ತು ಬಂದ ಮಾತುಗಳಿಗೆ ಅವರೇ ಜುಲ್ಮಾನೆ ಹಾಕಬೇಕಿತ್ತು.

ಸಂಗಮ ಮುಟ್ಟಿದಾಗ ಎರಡು ಗಂಟೆ. ಆದರೂ ನಮ್ಮನ್ನು ಕರೆದೊಯ್ಯುವ, ತೇಲುಗಾಲಿನ ವಿಮಾನ ಇನ್ನೂ ನೀರಿನ ಮೇಲೇ ಇತ್ತು! ಅತ್ತಿಗೆ ಅದರ ಕಾಲಿಗೆ ತನ್ನ ದೋಣಿಯ ಹಗ್ಗ ಬಿಗಿದು ಸ್ಪ್ರೂಸ್ ಮರಕ್ಕೆ ಕಟ್ಟಿ, ಗಂಟಿನ ಮೇಲೆ ತಾನೇ ಕೂತು ರೊಟ್ಟಿ ತಿನ್ನುತ್ತಿದ್ದಳು. ಪೈಲಟ್ ಮತ್ತು ಅವನ ಜೊತೆ ಬಂದಿದ್ದ ಕೋಲ್ಟನ್ ಗಂಟು ಬಿಚ್ಚೆಂದು ಹನ್ನೆರಡರಿಂದಲೇ ಅವಳನ್ನು ಬೇಡಿಕೊಳ್ಳುತ್ತಿದ್ದರಂತೆ.

ಕೋಲ್ಟನ್ ಮುಖ ಕೆಂಪಗಿತ್ತು. "ಹನ್ನೆರಡು ಅಂದಿದ್ದೆ. ದಾರಿ ತಪ್ಪಿದ್ದು ಯಾರು?"

"ಹೊಳೆ," ಎಂದೆ. ಅತ್ತಿಗೆ ಹಗ್ಗದ ಗಂಟನ್ನೇ ನೋಡುತ್ತಿದ್ದಳು. ಕೈಯ ರೊಟ್ಟಿ ಅರ್ಧದಲ್ಲೇ ನಿಂತಿತ್ತು.

"ನಾನು," ಎಂದೆ. ಆ ಒಂದು ಮಾತಿಗೆ ಇಡೀ ಹೊಳೆಯಷ್ಟು ಎಂಜಲು ನುಂಗಬೇಕಾಯಿತು. "ಅವಳು ಸರಿಯಾಗೇ ಹೇಳಿದ್ಲು. ಅವಳಿಗೆ ನಾನು ಏನೂ ಕಲಿಸಿಲ್ಲ."

ಕೋರಾ ನಡುವೆ ಬಾಯಿ ಹಾಕಿದರು: "ನಾವಿಬ್ಬರು ಹತ್ತು ಗಂಟೆಗೇ ಇಲ್ಲಿದ್ವಿ."

ಕೋಲ್ಟನ್ ಹಿಂದಕ್ಕೆ ಹರಿಯುವ ನೀರನ್ನು ನೋಡಿದ, ನನ್ನನ್ನು ನೋಡಿದ. "ಸರಿ. ಮುಂದಿನ ವರ್ಷಾನೂ ದೋಣಿ ಅಜ್ಜೀದೇ. ಪಾತ್ರೆಗೆ ನೀನು."

"ಇದು ಅನ್ಯಾಯ ಅತ್ತಿಗೆ! ನೀನೇ ಹೇಳು, ನೀರು ಎತ್ತ ಹೋಗತ್ತೋ ಅದೇ ತಾನೆ ಕೆಳಹೊಳೆ?"

ಅತ್ತಿಗೆ ಉಳಿದ ರೊಟ್ಟಿಯನ್ನು ಬಾಯಿಗಿಟ್ಟು, ನಿಧಾನವಾಗಿ ಅಗಿದು ನುಂಗಿದಳು.

"ಮೊನ್ನೆ ನೀನು ಅಂಗೀನ ಹಿಂದುಮುಂದಾಗಿ ಹಾಕ್ಕೊಂಡು ದಿನವಿಡೀ ತಿರುಗಿದೆಯಲ್ಲ ಮೈದುನಪ್ಪ, ಅವತ್ತೇನು ಹೊಟ್ಟೆ ಬೆನ್ನಿಗೆ ಹೋಗಿತ್ತಾ?"