ಬಾಹ್ಯಾಕಾಶದಲ್ಲಿ ಒಂದು ಬೊಗಸೆ ನೀರು

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು ವಾರಕ್ಕೊಮ್ಮೆ ಸಿಗುವ ನಾಲ್ಕೈದು ಜನ. ಎನ್.ಆರ್. ಕಾಲೋನಿಯ ಒಂದು ಮಹಡಿಯ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ವಿಜ್ಞಾನ ಕಥೆಗಳ ಓದುಗರ ಬಳಗ ನಮ್ಮದು. ಉಳಿದ ದಿನ ಕಚೇರಿಯಲ್ಲಿ ನಾನು ಕಪ್ಪುರಂಧ್ರದ ಮಾತೆತ್ತಿದರೆ ಪಕ್ಕದ ಮೇಜಿನವರು ಕಾಫಿಗೆ ಎದ್ದು ಹೋಗುತ್ತಿದ್ದರು. ಹಾಗಾಗಿ ಬಳಗದವರು ನನ್ನನ್ನು ಎಲ್ಲಿ ಬಿಟ್ಟುಬಿಡುತ್ತಾರೋ ಎಂಬ ಹೆದರಿಕೆ ಸದಾ ಇತ್ತು. ಕಾರಣವೇನೂ ಇರಲಿಲ್ಲ, ನನ್ನ ಹೆದರಿಕೆಗಳು ಕಾರಣಕ್ಕಾಗಿ ಕಾಯುವ ಪೈಕಿಯವಲ್ಲ.

ಬಳಗದ ಹಿರಿಯರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಅವರದೊಂದು ಕಟ್ಟಳೆ: ಕಥೆಯಲ್ಲಿ ದೇವರು ಬರಬಹುದು, ಆದರೆ ಕೊನೆಯ ಪುಟದೊಳಗೆ ಅವನು ಯಂತ್ರವೋ ಅನ್ಯಗ್ರಹದವನೋ ಎಂದು ಸಾಬೀತಾಗಬೇಕು. ಎಲ್ಲರೂ ಒಪ್ಪಿದ್ದೆವು. ನಾನಂತೂ ಎಲ್ಲರಿಗಿಂತ ಮೊದಲೇ ತಲೆಯಾಡಿಸಿದ್ದೆ.

ಬಳಗದ ಜೆರಾಕ್ಸ್ ಪತ್ರಿಕೆಗೆ ನಾನೂ ಒಂದು ಕಥೆ ಬರೆದೆ. ದಾರಿ ತಪ್ಪಿದ ನೌಕೆಯಲ್ಲಿ ಒಬ್ಬನೇ ಉಳಿದ ಗಗನಯಾತ್ರಿ, ಕಿಟಕಿಯಲ್ಲಿ ಸೂರ್ಯ ಕಂಡಾಗಲೆಲ್ಲ ಅಂಗೈಗೆ ನೀರು ತೆಗೆದುಕೊಂಡು, ಕಣ್ಣು ಮುಚ್ಚಿ, ಅದನ್ನು ಸೂರ್ಯನಿಗೇ ಬಿಡುತ್ತಾನೆ. ನೀರು ಬೀಳುವುದಿಲ್ಲ. ಗುಂಡಗಾಗಿ ಅವನ ಮುಖದ ಮುಂದೆಯೇ ತೇಲುತ್ತದೆ. ಇದನ್ನು ನಾನು ಕದ್ದದ್ದು ಅಪ್ಪನಿಂದ. ಗಾಂಧಿ ಬಜಾರಿನಲ್ಲಿ ಸೊಪ್ಪಿನ ಅಂಗಡಿ ಇಟ್ಟಿದ್ದ ಅಪ್ಪ ಬೋಣಿಗೆ ಮೊದಲು ಸೂರ್ಯನಿಗೆ ಒಂದು ಬೊಗಸೆ ನೀರು ಬಿಟ್ಟು, ಚೊಂಬಿನಲ್ಲಿ ಉಳಿದದ್ದನ್ನು ದಂಟಿನ ಕಟ್ಟುಗಳಿಗೆ ಚಿಮುಕಿಸುತ್ತಿದ್ದರು.

ಭಾನುವಾರ ಬಳಗದಲ್ಲಿ ನಾನು ಓದಿ ಮುಗಿಸಿದಾಗ ಮೇಷ್ಟ್ರು ಕನ್ನಡಕ ತೆಗೆದರು.

"ಈ ಸೂರ್ಯ ಕೊನೇಲಿ ಏನಾಗ್ತಾನ್ರೀ?"

"ಏನೂ ಆಗಲ್ಲ ಸರ್. ಸೂರ್ಯಾನೇ."

"ಹಂಗಾದ್ರೆ ಇದು ಪುರಾಣ ಕಣ್ರೀ."

ಬಳಗದ ಇಂಜಿನಿಯರ್ ಗೆಳೆಯ ಸೇರಿಸಿದ: "ಮಗಾ, ಅಲ್ಲಿ ಉಚ್ಚೇನೇ ಸೋಸಿ ಕುಡಿಯೋದು. ಅದನ್ನ ದೇವ್ರಿಗೆ ಬೇರೆ ಬಿಡಿಸ್ತೀಯಲ್ಲೋ!"

ಎಲ್ಲರೂ ನಕ್ಕರು. ನಾನೂ ನಕ್ಕೆ, ಒಂಚೂರು ಜಾಸ್ತಿಯೇ.

"ಆ ನೀರು ಬಿಡೋದು ತೆಗೀರಿ," ಎಂದರು ಮೇಷ್ಟ್ರು. "ಮಿಕ್ಕಿದ್ದು ಚೆನ್ನಾಗಿದೆ. ಈ ಸಂಚಿಕೇಲೇ ಹಾಕೋಣ."

ಅಪ್ಪನಾದರೂ ನನ್ನ ಕಡೆ ಇರಲಿ ಎಂದು ಸಂಜೆ ಅಂಗಡಿಗೆ ಹೋಗಿ ಕಥೆ ಹೇಳಿದೆ. ಕೊತ್ತಂಬರಿ ಕಟ್ಟುತ್ತಿದ್ದ ಕೈ ನಿಂತಿತು.

"ನೀರು ಕೆಳಗೇ ಬೀಳಲ್ವಾ?"

"ಇಲ್ಲಪ್ಪ."

"ಮತ್ತೆ ಬಿಟ್ಟಂಗೆ ಹೆಂಗಾಯ್ತದೆ? ಅವನ ಮೂತಿ ಮುಂದೇನೇ ನಿಂತದೆ ಅಂತೀಯ." ಕಟ್ಟನ್ನು ಪಕ್ಕಕ್ಕಿಟ್ಟು ಕೇಳಿದರು: "ನನ್ನ ಆಡ್ಕೊಂಡು ಬರ್ದಿದೀಯೇನೋ?"

ಇಲ್ಲ ಎಂದೆ. ನಂಬಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಸಲು ಹೋದಾಗ, ನಾನು ಅಲ್ಲಿಂದ ಹೊರಡುವ ತನಕ ಅಪ್ಪ ನೀರು ಬಿಡದೆ ಚೊಂಬು ಹಿಡಿದು ಕಾದರು.

ಆ ವಾರವೆಲ್ಲ ಯೋಚಿಸಿದೆ, ಅಂದರೆ ಚಿಂತೆ ಮಾಡಿದೆ. ಹೋಗಲು ಒಂದು ಜಾಗವೂ ಇಲ್ಲದ ಭಾನುವಾರಗಳನ್ನು ಊಹಿಸಿಕೊಂಡೆ. ಕೊನೆಗೆ ಕಥೆಯಿಂದ ನೀರು ತೆಗೆದೆ, ಕಣ್ಣು ಮುಚ್ಚುವುದನ್ನೂ ತೆಗೆದೆ. ಗಗನಯಾತ್ರಿಯನ್ನು ಕಿಟಕಿಯಿಂದ ಕದಲಿಸಲು ಮಾತ್ರ ಕೈ ಬರಲಿಲ್ಲ.

ಕಥೆ ಪತ್ರಿಕೆಯಲ್ಲಿ ಬಂತು. ಮೇಷ್ಟ್ರು ಬೆನ್ನು ತಟ್ಟಿದರು. ಇಂಜಿನಿಯರ್ ಗೆಳೆಯ ಹಾಳೆ ಮಡಚುತ್ತಾ ಕೇಳಿದ: "ಎಲ್ಲಾ ಓಕೆ ಗುರು. ಆದ್ರೆ ಅವನು ಪದೇ ಪದೇ ಕಿಟಕಿ ಹತ್ರ ಹೋಗಿ ಏನ್ ಮಾಡ್ತಾನೆ?"

"ಏನಿಲ್ಲ, ಸುಮ್ನೆ ನಿಂತ್ಕೋತಾನೆ," ಎಂದೆ.

ಅವನು ಒಪ್ಪಿಕೊಂಡು ಚಕ್ಕುಲಿ ತಟ್ಟೆಯನ್ನು ನನ್ನತ್ತ ಸರಿಸಿದ. ಮುಂದಿನ ಭಾನುವಾರವೂ ಹೋದೆ.